ಮಾರದೆ ಎತ್ತಿಟ್ಟ ಬೆಲ್ಲ

ಒಬ್ಬರ ರೂಪದಲ್ಲಿ ಇನ್ನೊಬ್ಬರು ಕಾಣಿಸಿಕೊಂಡರು ಎಂಬಂಥ ಮಾತು ಬಂದಾಗಲೆಲ್ಲ ನಗುತ್ತಿದ್ದವಳು ನಾನು. ಮಂಡ್ಯದಲ್ಲಿ ನಮ್ಮಜ್ಜಿ ಹೇಳುತ್ತಿದ್ದ ಅಂಥ ಕಥೆಗಳನ್ನು ಕೇಳಿಯೇ ಬೆಳೆದೆ, ಅವಳ ಮಾತಿನ ವರಸೆಯನ್ನೂ ಕಲಿತೆ. ಕಥೆಯನ್ನು ಮಾತ್ರ ನಂಬಲಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದೆ ಬ್ಯಾಂಕಿನವರು ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿದರು. ಅಲ್ಲಿನ ಗಾಜುವಾಕ ಬಡಾವಣೆಯಲ್ಲಿ ಬಾಡಿಗೆ ಮನೆ. ಕೆಲಸದ ಜೊತೆಗೆ ಸ್ನಾತಕೋತ್ತರ ಪದವಿಗೆ ಸೇರಿದ್ದೆ. ತರಗತಿ ತಿಂಗಳಿಗೊಂದು ಭಾನುವಾರ, ವಿಜಯವಾಡದಲ್ಲಿ. ರೈಲಿನಲ್ಲಿ ಜೊತೆಗಿರುತ್ತಿದ್ದವಳು ಸಹಪಾಠಿ ಲಾವಣ್ಯ. ಧಾರವಾಡದ ಕಡೆಯ ನೌಕಾಪಡೆ ಸಿಬ್ಬಂದಿಯ ಮಗಳು, ಹುಟ್ಟಿ ಬೆಳೆದದ್ದೆಲ್ಲ ವಿಶಾಖಪಟ್ಟಣ. ಅವಳ ಕನ್ನಡಕ್ಕೆ ಮನೆ ಬಿಟ್ಟರೆ ನಾನೇ ಗತಿ. "ಅಕ್ಕಾ" ಎಂದು ನನ್ನ ಡಬ್ಬಿಯಿಂದಲೇ ಊಟ ಕಿತ್ತುಕೊಂಡು ತಿನ್ನುವಷ್ಟು ಸಲುಗೆ.

ಕೊನೆಯ ವರ್ಷದ ಸಂಶೋಧನೆಗೆ ನಾನು ಹತ್ತಿರದ ಅನಕಾಪಲ್ಲಿಯ ಬೆಲ್ಲದ ವ್ಯಾಪಾರವನ್ನು ಆರಿಸಿಕೊಂಡೆ. ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಓಡುತ್ತಿದ್ದೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ರೂಢಿ. ಹಾಗಾಗಿ ಅಲ್ಲಿ ರುಚಿಗೆಂದು ಬೆಲ್ಲದ ಚೂರು ಕೊಟ್ಟರೆ ನಾನು ಬಾಯಿಗೆ ಹಾಕಿಕೊಂಡು ನೀರಿಗೆ ಕೈಯೊಡ್ಡುತ್ತಿದ್ದೆ. ವ್ಯಾಪಾರಿಗಳಿಗೆ ಅದೊಂದು ತಮಾಷೆ.

ಒಂದು ಭಾನುವಾರ ತರಗತಿ ಮುಗಿಸಿ ಇಬ್ಬರೂ ರೈಲಿನಲ್ಲಿ ಮರಳುತ್ತಿದ್ದೆವು. ಲಾವಣ್ಯ ನನ್ನ ಹೆಗಲಿಗೊರಗಿ ನಿದ್ದೆ ಹೋಗಿದ್ದಳು. ಆಗ ನನಗೊಂದು ಪ್ರಶ್ನೆ ಹೊಳೆಯಿತು: ಇಷ್ಟೆಲ್ಲ ಬೆಲ್ಲ ಮಾರುವವರು ತಮ್ಮ ಮನೆಗೆಂದು ಎತ್ತಿಡುವುದು ಯಾವುದನ್ನು? ಯಾರಿಗೂ ಹೇಳಲಿಲ್ಲ, ಬರೆದಿಡಲೂ ಇಲ್ಲ. ಮರುದಿನ ಬ್ಯಾಂಕಿಗೆ ರಜೆ ಹಾಕಿ ಅನಕಾಪಲ್ಲಿಗೆ ಹೋದೆ. ಬೆಲ್ಲದ ಮಂಡಿಯ ಮುದುಕ ಅಪ್ಪಾರಾವು ತಾತನಿಗೆ ಅದೇ ಪ್ರಶ್ನೆ ಹಾಕಿದೆ.

ತಾತ ಹುಬ್ಬೇರಿಸಿದ. "ನಿನ್ನ ಅಡಿಗಾವು ಕದಮ್ಮಾ!" ನಿನ್ನೆ ತಾನೇ ಕೇಳಿದೆಯಲ್ಲ ಎಂದು.

"ನಿನ್ನೆ ನಾನು ವಿಜಯವಾಡದಲ್ಲಿದ್ದೆ ತಾತಾ" ಎಂದೆ, ನನಗೆ ಬರುವ ತೆಲುಗಿನಲ್ಲಿ.

ತಾತ ಒಳಗೆ ಕೂಗಿ ಸೊಸೆಯನ್ನು ಕರೆದ. ಅವಳು ನಕ್ಕಳು. ಮಧ್ಯಾಹ್ನ ಬಂದು ಇದೇ ಮಣೆಯ ಮೇಲೆ ಕೂತು, ಬೆಲ್ಲ ತಿಂದು ನೀರು ಕುಡಿದು ಹೋದಿರಿ, ಚೊಂಬು ಕೊಟ್ಟವಳು ನಾನೇ ಎಂದಳು. ತಾತ ಮತ್ತೊಮ್ಮೆ ಹೇಳಿದ: ಮಾರುವುದು ಹೊಳೆಯುವ ಹಳದಿ ಬೆಲ್ಲ, ಮನೆಗೆ ಎತ್ತಿಡುವುದು ಕಪ್ಪು ಬೆಲ್ಲ. ಯಾರನ್ನೋ ನೋಡಿ ನಾನೆಂದುಕೊಂಡಿದ್ದಾರೆ ಎನಿಸಿತು. ದೀಪ ಹಚ್ಚುವವರೆಗೂ ಅಲ್ಲೇ ಮಾತಾಡುತ್ತ ಕೂತಿದ್ದೆ.

ಕೆಲವು ವಾರಗಳ ಮೇಲೆ ವಿಜಯವಾಡದಲ್ಲಿ ಮೌಖಿಕ ಪರೀಕ್ಷೆ. ಮೊದಲು ಲಾವಣ್ಯಳನ್ನು ಕರೆದರು. ಬಾಗಿಲು ತೆರೆದಿತ್ತು, ಹೊರಗಿನ ಬೆಂಚಿನಲ್ಲಿ ನಾನು. ಅವಳು ಬೆಲ್ಲದ ವ್ಯಾಪಾರದ ಬಗ್ಗೆ ಮಾತಾಡತೊಡಗಿದಾಗ ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ನನ್ನ ಅಧ್ಯಾಯಗಳು, ನನ್ನ ವಾಕ್ಯಗಳು. ಕೊನೆಗೆ ರೈಲಿನಲ್ಲಿ ಹೊಳೆದ ಆ ಪ್ರಶ್ನೆ, ತಾತನ ಆ ಉತ್ತರ.

ಅವಳು ನನಗಿಂತ ಮೊದಲೇ ಸಲ್ಲಿಸಿದ್ದಳು. ಆ ಅಧ್ಯಾಯವನ್ನು ನಾನಿನ್ನೂ ಬರೆಯಲು ಕೂರುವ ಮುಂಚೆಯೇ! ನಕಲು ಎಂದು ನನ್ನದನ್ನು ತಿರಸ್ಕರಿಸಿದರು. ನಿದ್ದೆ, ರಜೆ, ಹಬ್ಬ ಎಲ್ಲ ಬಿಟ್ಟು ಮಾಡಿದ ಓದು ನೀರುಪಾಲಾಯಿತು.

ಇಂದ್ರಕೀಲಾದ್ರಿ ಬೆಟ್ಟದ ಕೆಳಗೆ, ಕೃಷ್ಣಾ ನದಿಯ ಮೆಟ್ಟಿಲ ಹತ್ತಿರ ಅವಳ ಕೈ ಹಿಡಿದು ನಿಲ್ಲಿಸಿದೆ. "ಯಾಕವ್ವಾ ಹಿಂಗ್ ಮಾಡ್ದೆ? ಬೇಕು ಅಂತ ಬಾಯ್ಬಿಟ್ಟು ಕೇಳಿದ್ರೆ ಜೊತೇಲಿ ಕೂತು ನಿಂದೂ ಬರೆಸ್ತಿದ್ನಲ್ಲೇ!"

ಅವಳು ನನ್ನನ್ನೇ ಪಿಳಿಪಿಳಿ ನೋಡಿದಳು. "ನೀವಾ ಬರ್ದಿದ್ದೆಲ್ಲಾ ಕೊಟ್ರಲ್ರೀ ಅಕ್ಕಾ! ಕ್ಲಾಸಿನ ಮರುದಿನ, ಆ ಸೋಮವಾರ ಸಂಜಿಗೆ ಮನೀಗೆ ಬಂದ್ರಿ. 'ನಂಗ್ ಬ್ಯಾಡ ಕಣೇ, ನೀನೇ ಮುಗಿಸ್ಕೊ' ಅಂದ್ರಿ. ಬೆಲ್ಲ ತಿಂದು ನೀರು ಕುಡಿದ್ರಿ. ಯಾರಿಗೂ ಹೇಳಬ್ಯಾಡ ಅಂದವ್ರೂ ನೀವಾ. ಅಮ್ಮನ ಮ್ಯಾಲ ಒಟ್ಟು!"

ಒಟ್ಟು ಎಂದರೆ ತೆಲುಗಿನಲ್ಲಿ ಆಣೆ. ಕೈ ಬಿಟ್ಟೆ. ಅಂದಿನಿಂದ ಅವಳ ಜೊತೆ ಮಾತಿಲ್ಲ.

ಅವಳು ಸುಳ್ಳಿಯೇ ಇರಬೇಕು. ಆ ಸೋಮವಾರ ಸಂಜೆ ನಾನು ಅನಕಾಪಲ್ಲಿಯಲ್ಲಿ ತಾತನ ಮುಂದೆ ಕೂತಿದ್ದೆ. ನನ್ನ ಬೆಲ್ಲ-ನೀರಿನ ಚಾಳಿ ಅವಳಿಗೆ ಗೊತ್ತಿದ್ದದ್ದೇ, ಸುಳ್ಳಿಗೆ ರುಚಿ ಬರಲೆಂದು ಸೇರಿಸಿದ್ದಾಳು. ಆದರೆ ತಾತನಿಗೆ ಸುಳ್ಳು ಹೇಳಿ ಆಗಬೇಕಾದ್ದೇನು? ತಾತ ಹೇಳುವ ಆ ಮಧ್ಯಾಹ್ನ ನಾನೂ ಲಾವಣ್ಯಳೂ ವಿಜಯವಾಡದ ತರಗತಿಯಲ್ಲಿ ಒಂದೇ ಬೆಂಚಿನಲ್ಲಿದ್ದೆವು.

ಮುಂದಿನ ವರ್ಷ ಬೇರೆ ವಿಷಯ ಹಿಡಿದು ಪದವಿ ಮುಗಿಸಿದೆ. ಲಾವಣ್ಯ ಮೋಸ ಮಾಡಿದ್ದರೆ ಆ ನೋವು ನನಗೆ ಅರ್ಥವಾಗುವಂಥದ್ದು. ಮಾಡಿಲ್ಲದಿದ್ದರೆ? ಆಗ ಯಾರ ಮೇಲೆ ಸಿಟ್ಟಾಗಲಿ? ಈಗಲೂ ಯಾರಾದರೂ "ಆಗಲೇ ಬಂದು ಹೋದ್ರಲ್ಲ ಮೇಡಂ" ಎಂದರೆ, ಇಲ್ಲ ಎಂದು ನಾನು ವಾದಿಸುವುದಿಲ್ಲ. ಏನು ಕೊಟ್ಟು ಹೋದೆ ಎಂದಷ್ಟೇ ಕೇಳುತ್ತೇನೆ.