ನಾನು ಕೊಟ್ಟ ಹೋಂವರ್ಕ್

ಈಗ ಕ್ಲಾಸೂ ಇಲ್ಲ, ಕುರ್ಚಿಯೂ ಇಲ್ಲ. ಆದರೂ ಬೆಳಿಗ್ಗೆ ಎದ್ದ ಕೂಡಲೇ ಎಲ್ಲಿಗೋ ತಡವಾಯಿತೆಂದು ಜೀವ ಒದ್ದಾಡುತ್ತದೆ. ಅಂಗಿ ತೊಟ್ಟು ಬಾಗಿಲವರೆಗೆ ಹೋಗಿ ವಾಪಸ್ ಬರುತ್ತೇನೆ. “ಒಂದ್ ಕಡೆ ಕುಂದರ್ರಿ, ನಿಮ್ಮನ್ನ ನೋಡಿ ನನಗ ಚಕ್ಕರ ಬರಾಕತ್ತೇತಿ,” ಎಂದು ಹೆಂಡತಿ ಬೈಯುತ್ತಾಳೆ.

ಐದು ವರ್ಷ ಎರಡು ದೋಣಿಯಲ್ಲಿ ಕಾಲಿಟ್ಟವನು ನಾನು. ಮಧ್ಯಾಹ್ನದ ತನಕ ಜಮಖಂಡಿಯ ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಪಾಠ. ಆಮೇಲೆ ಬಸ್ಸು ಹಿಡಿದು ಬನಹಟ್ಟಿಗೆ ಬಂದರೆ ನಗರಸಭೆಯ ಸದಸ್ಯ. ಪಾಠ ಮಾಡುವಾಗ ವಾರ್ಡಿನ ಗಟಾರ ನೆನಪಾಗುತ್ತಿತ್ತು, ಸಭೆಯಲ್ಲಿ ಕೂತಾಗ ತಿದ್ದದೆ ಬಿಟ್ಟ ಉತ್ತರಪತ್ರಿಕೆಗಳು. ಮಾಸ್ತರಿಕೆಯ ಚಟ ಮಾತ್ರ ಎರಡೂ ಕಡೆ ಬೆನ್ನು ಬಿಡಲಿಲ್ಲ.

ಅವಧಿಯ ಕೊನೆಯ ವರ್ಷ ಒಬ್ಬ ಹೆಣ್ಣುಮಗಳು ಮನೆಗೆ ಬಂದಳು. ಹಿಂದೆ ನನ್ನ ವಿದ್ಯಾರ್ಥಿನಿ, ಬಿ.ಎ. ಮೊದಲ ವರ್ಷಕ್ಕೇ ಓದು ಬಿಟ್ಟು ಪವರ್‌ಲೂಮ್ ಸೇರಿದ್ದವಳು.

“ಸರ್, ನಮ್ಮ ಓಣ್ಯಾಗ ನಳಾ ಇಲ್ರಿ. ನೀರ ತರಾಕ ಹೋದ್ರ ಮಗ್ಗ ನಿಂದ್ರತೈತಿ.”

ಹೊಸ ಕಾಮಗಾರಿಗಳ ಪಟ್ಟಿ ತಯಾರಾಗುತ್ತಿದ್ದ ಸಮಯ. ನನ್ನ ವಾರ್ಡಿನಲ್ಲಿ ಒಂದು ಓಣಿಗಷ್ಟೇ ನಳ ಹಾಕಿಸಲು ಸಾಧ್ಯವಿತ್ತು. ಅವಳ ಓಣಿಯ ಹೆಸರು ಬರೆದುಕೊಂಡಿದ್ದರೆ ಮುಗಿಯುತ್ತಿತ್ತು. ನಾನು ಕ್ಲಾಸಿನ ಧಾಟಿಯಲ್ಲಿ, “ಬಾಯಿಮಾತು ನಡ್ಯೂದಿಲ್ಲವ್ವಾ. ಎಷ್ಟು ಮನಿ, ಎಲ್ಲಿಂದ ನೀರು ತರ್ತೀರಿ, ಎಷ್ಟು ಹೊತ್ತು ಹಿಡೀತೈತಿ, ಎಲ್ಲಾ ಬರಕೊಂಡು ಬಾ,” ಎಂದೆ. “ಆತ್ರಿ ಸರ್,” ಎಂದು ಹೋದಳು. ಯಾವತ್ತಿನೊಳಗೆ ತರಬೇಕೆಂದು ನಾನು ಹೇಳಲೇ ಇಲ್ಲ.

ಹತ್ತು ದಿನಕ್ಕೆ ಅವಳ ಪಕ್ಕದ ಓಣಿಯವರು ಬಂದು ನನ್ನ ಬಾಗಿಲ ಮುಂದೆ ಖಾಲಿ ಕೊಡ ಬಡಿದರು. “ಮುಂದ ವೋಟ್ ಕೇಳಾಕ ಬರ್ತೀರಲ್ಲ, ಆವಾಗ ನೋಡ್ಕೋತೇವಿ!” ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ. ಅವರಿಂದ ಒಂದು ಚೀಟಿಯನ್ನೂ ಕೇಳದೆ, ಅಂದೇ ಹೋಗಿ ಅವರ ಓಣಿಯನ್ನು ಪಟ್ಟಿಗೆ ಸೇರಿಸಿದೆ. ಹೆದರಿದ್ದೆ, ಅಷ್ಟೇ.

ತಿಂಗಳಾದ ಮೇಲೆ ಅವಳು ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಬಂದಳು. ಕೆಲಸ ಮುಗಿಸಿ ಮನೆಮನೆ ತಿರುಗಿದ್ದಳು. ಸ್ಕೇಲು ಇಟ್ಟು ಎಳೆದ ಗೆರೆಗಳು. ಯಾರು ಎಷ್ಟು ಗಂಟೆಗೆ ಕೊಡ ಹಿಡಿದು ಹೊರಟರು, ಎಷ್ಟಕ್ಕೆ ಬಂದರು, ಬಾಣಂತಿ ಇರುವ ಮನೆ ಯಾವುದು, ಎಲ್ಲವೂ ಇತ್ತು. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಚೊಕ್ಕಾಗಿ ಬರೆದು ತಂದದ್ದಿಲ್ಲ.

“ಓಣ್ಯಾನವ್ರು ನಾವೂ ಕೊಡ ಬಡಿಯೂನು ಅಂದ್ರಿ. ನಾನೇ ಬ್ಯಾಡ ಅಂದ್ನಿ. ಸರ್ ಬರದು ತಾ ಅಂದಾರ, ತಗೊಂಡು ಹೋದ್ರ ಆಗ್ತೈತಿ ಅಂದ್ನಿ.”

ಪಟ್ಟಿ ಹೋಗಿಯಾಗಿದೆ ಎಂದು ನಾನು ಹೇಳಲಿಲ್ಲ. ಇಟ್ಟು ಹೋಗು, ಮುಂದಿನ ವರ್ಷ ನೋಡೋಣ ಎಂದೆ. ಅವಳು ಬಾಗಿಲಲ್ಲಿ ನಿಂತು, “ಏನರೆ ತಪ್ಪಿದ್ರ ಹೇಳ್ರಿ ಸರ್, ಮತ್ತ ಬರೀತೇನಿ,” ಎಂದಳು.

ಮುಂದಿನ ವರ್ಷದ ಹೊತ್ತಿಗೆ ನಾನು ಕಾಲೇಜಿನಿಂದ ನಿವೃತ್ತನಾಗಿ, ಚುನಾವಣೆಯಲ್ಲೂ ಸೋತು ಮನೆಯಲ್ಲಿದ್ದೆ. ಆ ನೋಟ್‌ಬುಕ್ ನನ್ನ ಕಪಾಟಿನಲ್ಲೇ ಉಳಿಯಿತು. ಬೆಳಿಗ್ಗೆ ನಾನು ಹೊರಗೆ ಹೋದರೆ ಅವಳು ಎದುರಾಗುತ್ತಾಳೆ. ಈಗಲೂ ತುಂಬಿದ ಕೊಡ ಕೆಳಗಿಟ್ಟು, ಎರಡೂ ಕೈ ಜೋಡಿಸಿ, “ನಮಸ್ಕಾರ್ರಿ ಸರ್,” ಎನ್ನುತ್ತಾಳೆ.