ಪೆಟ್ರೋಲ್ ಗಾಡಿಯಲ್ಲಿ ಕೆಂಪಮ್ಮ ಆಡಿದ ಮಾತು

ರಾಜಾನುಕುಂಟೆಯ ಮುನಿಆಂಜಿನಪ್ಪನೂ ಅವನ ಹೆಂಡತಿ ಮುನಿಕೆಂಪಮ್ಮನೂ ಜಗಳಗಂಟರು ಎಂದು ಯಲಹಂಕದ ಎಷ್ಟೋ ಮನೆಯವರು ನಂಬಿದ್ದರು. ಸಸಿ, ಕುಂಡ, ಕೆಮ್ಮಣ್ಣು, ಗೊಬ್ಬರ ಹೊತ್ತ ಅವರ ಪಿಕಪ್ ಗಾಡಿ ಬೀದಿಗೆ ತಿರುಗುವ ಮೊದಲೇ ಇಬ್ಬರ ಕೂಗಾಟ ಕೇಳಿಸುತ್ತಿತ್ತು. ಅದೊಂದು ಹಳೆಯ ಡೀಸೆಲ್ ಗಾಡಿ, ಎಂಜಿನ್ ಇದ್ದದ್ದು ಸೀಟಿನ ಕೆಳಗೇ. ಅದು ಗುಡುಗುವಾಗ ಎಡಕ್ಕೆ ತಿರುಗು ಎನ್ನಲೂ ಕೂಗಬೇಕು, ಹಸಿವಾಗುತ್ತಿದೆ ಎನ್ನಲೂ ಕೂಗಬೇಕು. ವರ್ಷಗಟ್ಟಲೆ ಕೂಗಿ ಕೂಗಿ ಕೆಂಪಮ್ಮನ ದನಿಯೇ ಒಡಕಾಗಿತ್ತು.

ಹುಣಸಮಾರನಹಳ್ಳಿಯ ನರ್ಸರಿಯಿಂದ ಗಿಡ ತುಂಬಿಸಿಕೊಂಡು ಯಲಹಂಕ, ಹೆಬ್ಬಾಳದ ಮನೆಗಳಿಗೆ ಮುಟ್ಟಿಸುವುದು ಅವರ ಕಸುಬು. ಆಂಜಿನಪ್ಪ ಗಾಡಿ ಓಡಿಸಿ ಮೂಟೆ ಇಳಿಸುತ್ತಿದ್ದ. ಕೆಂಪಮ್ಮ ಗಿಡ ನೆಟ್ಟು, ಮನೆಯವರ ಜೊತೆ ಎರಡು ಮಾತಾಡಿ ಬರುತ್ತಿದ್ದಳು. ಹೋದ ವರ್ಷ ಬೇಸಿಗೆಯಲ್ಲಿ ಗಾಡಿ ನಡುರಸ್ತೆಯಲ್ಲಿ ಕರಿಹೊಗೆ ಕಾರಿ ನಿಂತೇಹೋಯಿತು. ಯಲಹಂಕದ ಮೆಕ್ಯಾನಿಕ್ ರಯ್ಯಾನ್ ಕೈ ಒರೆಸಿಕೊಳ್ಳುತ್ತಾ, “ಇದ್ರ ಆಯಸ್ಸು ಮುಗೀತು ಅಣ್ಣಾ. ಈ ಸಲ ಪೆಟ್ರೋಲ್ ಗಾಡಿ ತಗೊಳ್ಳಿ. ನಿಮ್ದು ಏನಿದ್ರೂ ಹತ್ರದ ಬಾಡಿಗೆ, ಮಾರು ದೂರಕ್ಕೊಂದು ಮನೆ ಮುಂದೆ ನಿಲ್ಲಿಸ್ತೀರ. ಡೀಸೆಲ್ ಬೇಕಾಗೋದು ದೂರ ಹೋಗೋರಿಗೆ, ಭಾರಿ ಲೋಡ್ ಹೊಡೆಯೋರಿಗೆ” ಎಂದ.

ಆಂಜಿನಪ್ಪ ಅವನ ಬಾಯನ್ನೇ ನೋಡುತ್ತಾ ನಿಂತಿದ್ದು, “ಡೀಸಲ್ಲೇ ಆಗ್ಬೇಕು” ಎಂದುಬಿಟ್ಟ.

ಕೆಂಪಮ್ಮನಿಗೆ ಅಚ್ಚರಿಯಾಯಿತು. ಆಂಜಿನಪ್ಪ ಹಟದ ಮನುಷ್ಯನಲ್ಲ. ಮನೆಗೆ ಯಾವ ಬಣ್ಣ ಬಳಿಸಬೇಕು ಎಂದರೂ “ನಿಂಗೆ ತಿಳಿದಂಗೆ ಮಾಡು” ಎನ್ನುವವನು. ಈ ಒಂದು ವಿಷಯದಲ್ಲಿ ಮಾತ್ರ ಯಾರು ಏನು ಹೇಳಿದರೂ ಜಗ್ಗಲಿಲ್ಲ. ಕೊನೆಗೆ ಅವಳೇ, “ಎರಡನ್ನೂ ಒಂದ್ಸಲ ಓಡಿಸಿ ನೋಡಾನ ನಡಿ” ಎಂದು ದೊಡ್ಡಬಳ್ಳಾಪುರ ರಸ್ತೆಯ ಷೋರೂಮಿಗೆ ಹೊರಡಿಸಿದಳು.

ಅಲ್ಲಿದ್ದ ಅಕ್ಷಯಾ ಎಂಬ ಹುಡುಗಿ ಲೈಸೆನ್ಸ್ ನೋಡಿ ಮೊದಲು ಡೀಸೆಲ್ ಗಾಡಿಯ ಕೀ ಕೊಟ್ಟಳು. ಹೊಸದಾದರೂ ಅದಕ್ಕೊಂದು ಗುಡುಗು ಇತ್ತು. ಸ್ಟೀರಿಂಗ್ ಮೇಲಿನ ಕೈಗೆ, ಕಾಲಿಗೆ ನಡುಕ ತಾಕುತ್ತಿತ್ತು. ಆಂಜಿನಪ್ಪನ ಮುಖ ಅರಳಿತು. ತಿರುಗಿ ಬಂದವನು, “ಇದೇ ಇರ್ಲಿ” ಎಂದ.

“ಪೆಟ್ರೋಲೂ ಒಂದ್ಸಲ ನೋಡಿ ಅಂಕಲ್. ಸರ್ವಿಸ್ ರಸ್ತೇಲೇ ಒಂದು ರೌಂಡ್ ಹಾಕ್ಕೊಂಡು ಬನ್ನಿ” ಎಂದಳು ಅಕ್ಷಯಾ. ಕೆಂಪಮ್ಮ ಆಗಲೇ ಅದರಲ್ಲಿ ಹತ್ತಿ ಕೂತಿದ್ದಳು.

ಗಾಡಿ ಹೊರಟಿತು. ಕೆಂಪಮ್ಮನಿಗೆ ಮೊದಲು ಕೇಳಿಸಿದ್ದು ತನ್ನ ಬಳೆಯ ಸದ್ದು. ಗಾಡಿಯೊಳಗೆ ಕೂತು ತನ್ನ ಬಳೆ ತನಗೆ ಕೇಳಿಸುವುದು ಅವಳಿಗೆ ಹೊಸದು. ಮಡಿಲಲ್ಲಿಟ್ಟುಕೊಂಡು ಕಾಪಾಡಿದಂತೆ ಬೆಳಗಿನಿಂದ ಅವಳಲ್ಲೊಂದು ಸುದ್ದಿಯಿತ್ತು. ಮದುವೆಯಾಗಿ ಆರು ವರ್ಷ ಕಾದಿದ್ದ ಮಗಳದು. ಕೂಗಿ ಹೇಳುವ ಮಾತಲ್ಲ ಅದು. ಈಗ ಅವಳು ರಸ್ತೆ ನೋಡುತ್ತಾ, ಮೆಲ್ಲಗೆ, ತನ್ನ ನಿಜವಾದ ದನಿಯಲ್ಲಿ ಹೇಳಿದಳು:

“ಆಶಾರಾಣಿ ಫೋನ್ ಮಾಡಿದ್ಲು. ಅವ್ಳಿಗೆ ಮೂರು ತಿಂಗ್ಳಂತೆ.”

ಆಂಜಿನಪ್ಪ ತಲೆಯಾಡಿಸಿದ. “ಬ್ರೇಕ್ ಚೆನ್ನಾಗೈತೆ” ಎಂದ.

ಕೆಂಪಮ್ಮನಿಗೆ ಎದೆಯೊಳಗೆ ಮುಳ್ಳು ಮುರಿದಂತಾಯಿತು. ಇಷ್ಟು ದೊಡ್ಡ ಸುದ್ದಿಗೆ ಇದೇನಾ ಮಾತು? ಅವಳು ಕಿಟಕಿಯತ್ತ ಮುಖ ತಿರುಗಿಸಿ ಕೂತಳು. ಮುಂದೆ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಎಂಜಿನ್ ಸಣ್ಣಗೆ ಓಡುತ್ತಲೇ ಇತ್ತು. ಹಸಿರು ದೀಪ ಬಂದಾಗ ಆಂಜಿನಪ್ಪ, ಎಂಜಿನ್ ನಿಂತುಹೋಗಿದೆ ಎನ್ನುವಂತೆ, ಕೀ ತಿರುಗಿಸಿದ. ಓಡುತ್ತಿದ್ದ ಎಂಜಿನ್ ಕರ್ ಎಂದು ಹಲ್ಲು ಕಡಿಯಿತು. ಅವನು ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ತಿರುಗಿಸಿದ. ಮತ್ತೆ ಅದೇ ಸದ್ದು. ಪಕ್ಕದ ಆಟೋದವನು ಕೂಡ ತಿರುಗಿ ನೋಡಿದ. ಆಂಜಿನಪ್ಪನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ.

ಕೆಂಪಮ್ಮ ಅವನ ಕೈ ಹಿಡಿದು ರಸ್ತೆಯ ಬದಿ ತೋರಿಸಿದಳು. ಹೊಂಗೆ ಮರದ ನೆರಳಲ್ಲಿ ಗಾಡಿ ನಿಂತಿತು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, “ನಾನ್ ಮಾತಾಡೋದು ಕೇಳ್ಸುತ್ತಾ?” ಎಂದಳು.

ಅವನು ಅವಳ ಕಣ್ಣನ್ನೇ ನೋಡಿದ. ಉತ್ತರವಿಲ್ಲ. ಅವಳು ಸೆರಗು ಇಳಿಸಿದಳು. ಅವಳ ಮುಖ ನೋಡಿಯೇ ಅವನಿಗೆ ಎಲ್ಲ ತಿಳಿದುಹೋಯಿತು.

“ಎರಡು ವರ್ಸದಿಂದ ಇಂಗೇ” ಎಂದ, ತಲೆ ತಗ್ಗಿಸಿ. “ಮೊದ್ಲು ಫೋನು ಕೇಳ್ಸೋದು ನಿಂತೋಯ್ತು. ಆಮೇಲೆ ಒಂದೊಂದೇ.”

ಅದಕ್ಕೇ ಫೋನ್ ಬಂದಾಗಲೆಲ್ಲ “ನೀನೇ ಮಾತಾಡು” ಎಂದು ಅವಳ ಕೈಗೆ ಕೊಡುತ್ತಿದ್ದ. ಮದುವೆ ಮನೆಗಳಿಗೆ ಹೋಗುವುದನ್ನೂ ಬಿಟ್ಟಿದ್ದ. ವಯಸ್ಸಾಯಿತು, ಜನರೆಂದರೆ ಬೇಸರ ಬಂದಿದೆ ಎಂದುಕೊಂಡಿದ್ದಳು ಅವಳು.

“ನಂಗ್ಯಾಕೆ ಏಳ್ಲಿಲ್ಲ?” ಎಂದಳು, ಅವನಿಗೆ ತುಟಿ ಕಾಣುವಂತೆ, ನಿಧಾನವಾಗಿ.

“ಏಳಿದ್ರೆ ಗಾಡಿ ಓಡಿಸೋಕೆ ಬಿಡ್ತಿದ್ದಾ ನೀನು?” ಅವನು ಸ್ಟೀರಿಂಗ್ ಸವರಿದ. “ಡೀಸಲ್ ಗಾಡೀಲಿ ಯಾರ್ಗೂ ಏನೂ ಕೇಳ್ಸಾಕಿಲ್ಲ ಕೆಂಪಿ. ಅಲ್ಲಿ ನಾನೂ ಎಲ್ಲಾರಂಗೇ ಇರ್ತೀನಿ.”

ಕೆಂಪಮ್ಮನಿಗೆ ಬೈಯಬೇಕೆನಿಸಿತು. ಬೈಗುಳ ಬರಲಿಲ್ಲ. ಅವನ ತಲೆಯನ್ನು ಹತ್ತಿರ ಎಳೆದುಕೊಂಡು ಕಿವಿಗೆ ಬಾಯಿಟ್ಟು, ಹಳೆಯ ಗಾಡಿಯಲ್ಲಿ ಕೂಗುತ್ತಿದ್ದ ಹಾಗೆಯೇ ಕೂಗಿದಳು: “ನಿನ್ ಮಗ್ಳಿಗೆ ಮೂರು ತಿಂಗ್ಳಂತೆ! ತಾತ ಆಗ್ತೀಯ!”

ಆಂಜಿನಪ್ಪ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅವನ ಬೆನ್ನು ಕುಲುಕುತ್ತಿತ್ತು. ಅವಳು ಬೆನ್ನು ನೇವರಿಸುತ್ತಾ ಕೂತಳು.

ಅವತ್ತು ಅವರು ಯಾವ ಗಾಡಿಯನ್ನೂ ಕೊಳ್ಳಲಿಲ್ಲ. ಅಕ್ಷಯಾಳಿಗೆ ಕೀ ಒಪ್ಪಿಸಿ, “ಬರ್ತೀವಿ ಕಣಮ್ಮ, ಇನ್ನೊಂದು ಕೆಲ್ಸ ಐತೆ” ಎಂದು ಹೇಳಿ ಬಂದರು. ಆ ವಾರವೇ ಕೆಂಪಮ್ಮ ಗಂಡನನ್ನು ಆರ್.ಟಿ. ನಗರದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರ್ ನಸೀಮಾ ಎರಡೂ ಕಿವಿ ಪರೀಕ್ಷಿಸಿ, “ಗಾಡಿ ಸದ್ದಲ್ಲೇ ಜೀವ್ನ ಕಳೆದಿದ್ದೀರ, ಅದೂ ಒಂದು ಕಾರಣ ಇರ್ಬಹುದು. ಹೋಗಿದ್ದು ಪೂರ್ತಿ ಬರಲ್ಲ. ಮಿಷಿನ್ ಹಾಕ್ಕೊಂಡ್ರೆ ಮಾತು ಕೇಳ್ಸುತ್ತೆ, ಗಾಡೀನೂ ಓಡಿಸ್ಬಹುದು” ಎಂದರು.

ಮಿಷಿನ್ ಹಾಕಿಕೊಂಡ ಹೊಸದರಲ್ಲಿ ಆಂಜಿನಪ್ಪ ಸೋತುಹೋದ. ತಟ್ಟೆ ಇಟ್ಟರೆ ಬೆಚ್ಚುತ್ತಿದ್ದ. ಕಿತ್ತು ಗೂಡಿನಲ್ಲಿಟ್ಟು ಮಲಗಿಬಿಡುತ್ತಿದ್ದ. ಕೆಂಪಮ್ಮ ಬಲವಂತ ಮಾಡಲಿಲ್ಲ. ಸಂಜೆ ಜಗಲಿಯಲ್ಲಿ ಕೂತು, ಸೊಪ್ಪು ಬಿಡಿಸುತ್ತಾ, “ಒಂದು ಗಳಿಗೆ ಆಕ್ಕೋ, ಬೇಜಾರಾದ್ರೆ ತೆಗಿ” ಎನ್ನುತ್ತಿದ್ದಳು. ಒಂದು ಗಳಿಗೆ ಎರಡಾಯಿತು, ಎರಡು ಗಳಿಗೆ ಇಡೀ ಸಂಜೆಯಾಯಿತು.

ಮತ್ತೆ ಷೋರೂಮಿಗೆ ಹೋಗುವ ದಿನ ಅವಳೇ ಹೇಳಿದಳು: “ನಿಂಗೆ ಡೀಸಲ್ಲೇ ಇಷ್ಟ ಅಂದ್ರೆ ಅದೇ ತಗಾ. ಕೂಗೋದು ನಂಗೇನು ಒಸದಲ್ಲ.”

“ಬ್ಯಾಡ” ಎಂದ ಆಂಜಿನಪ್ಪ. “ಮೆತ್ತಗೆ ಮಾತಾಡು ನೀನು. ಸಾಕು ಕೂಗಿದ್ದು.”

ಪೆಟ್ರೋಲ್ ಗಾಡಿಯೇ ಬಂತು. ಪಕ್ಕದ ಮನೆಯ ಅನಂತರಾಜು, ಸ್ವತಃ ದೊಡ್ಡ ಡೀಸೆಲ್ ಗಾಡಿ ಇಟ್ಟುಕೊಂಡವನು, “ಮಣ್ಣು ತುಂಬ್ಕೊಂಡು ಹೆಬ್ಬಾಳದ ಫ್ಲೈಓವರ್ ಹತ್ತಲಿ ನೋಡೋಣ” ಎಂದು ಕಿಚಾಯಿಸಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಲೋಡ್ ಇದ್ದರೆ ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ, ಎರಡನೇ ಗೇರಿಗೆ ಇಳಿಸಬೇಕು. ಆಂಜಿನಪ್ಪ ಇಳಿಸುತ್ತಾನೆ. ಹಿಂದಿನವರು ಹಾರನ್ ಹೊಡೆಯುತ್ತಾರೆ, ಅದೂ ಈಗ ಅವನಿಗೆ ಕೇಳಿಸುತ್ತದೆ.

ಮೊದಲ ಲೋಡ್ ಇಳಿಸಿ ಖಾಲಿ ಗಾಡಿಯಲ್ಲಿ ಮನೆಗೆ ತಿರುಗುವಾಗ ಅವನು ಕೇಳಿದ: “ಕೆಂಪಿ, ಈ ಎರಡು ವರ್ಸದಾಗೆ ನೀನು ಏನೇನು ಏಳಿದ್ದೆ? ನಂಗೆ ಎಷ್ಟೋ ಕೇಳ್ಲೇ ಇಲ್ಲ.”

ಕೆಂಪಮ್ಮ ಯೋಚಿಸಿದಳು. ಎಲ್ಲಿಂದ ಶುರು ಮಾಡುವುದು? ಅವಳ ತಂಗಿಯ ಮಂಡಿ ನೋವು, ಹಿತ್ತಲಿನ ಸೀತಾಫಲ ಮೊದಲ ಸಲ ಕಾಯಿ ಬಿಟ್ಟಿದ್ದು, ಒಂದು ರಾತ್ರಿ ಕನಸಲ್ಲಿ ಅವ್ವ ಬಂದಿದ್ದು. ಒಂದೊಂದಾಗಿ ಹೇಳತೊಡಗಿದಳು. ಅವನು ಹೂಂ ಎನ್ನುತ್ತಾ ಓಡಿಸುತ್ತಿದ್ದ.

“ಆಮೇಲೆ, ಬಚ್ಚಲ ನಲ್ಲಿ ಸೋರ್ತೈತೆ, ರಿಪೇರಿ ಮಾಡ್ಸು ಅಂತ ಏಳಿದ್ದೆ.”

“ಅದು ಕೇಳ್ಸಿತ್ತು” ಎಂದ ಆಂಜಿನಪ್ಪ.

ಕೆಂಪಮ್ಮ ಅವನ ತೋಳಿಗೊಂದು ಏಟು ಹಾಕಿ, ನಕ್ಕು, ಮುಂದಿನದು ಹೇಳಲು ಶುರು ಮಾಡಿದಳು.