ಎರಡು ಸಿಗಡಿಯ ವರ್ಷ

ನಮ್ಮ ಕಾರ್ಖಾನೆಗೆ ಲಾಭವೋ ನಷ್ಟವೋ ಎಂಬುದು ಬ್ಯಾಂಕಿನವರಿಗಿಂತ ಮೊದಲು ಊರವರೆಲ್ಲ ಒಟ್ಟಿಗೆ ಮೀಯುವ ಸ್ನಾನದ ಮನೆಯಲ್ಲಿ ಗೊತ್ತಾಗುತ್ತಿತ್ತು. ಮಾರ್ಚ್ ಕೊನೆಯ ದಿನ ಲೆಕ್ಕ ಮುಗಿಸಿ ಎಲ್ಲರೂ ಒಟ್ಟಿಗೆ ಕೂತು ಸೋಬಾ ಶಾವಿಗೆ ತಿನ್ನುವುದು ನಮ್ಮಲ್ಲಿ ಹಳೆಯ ಪದ್ಧತಿ. ನಷ್ಟವಾದ ವರ್ಷ ಬರೀ ಶಾವಿಗೆ, ಸಾರು. ಲಾಭ ಬಂದರೆ ಬಟ್ಟಲಿಗೊಂದು ಕರಿದ ಸಿಗಡಿ. ಇದೆಲ್ಲ ಬರುತ್ತಿದ್ದುದು ನಮ್ಮ ಕೆಲಸಗಾರ್ತಿ ಹತ್ಸುನೊಳ ತಮ್ಮ ತೊಕುಜಿಯ ಅಂಗಡಿಯಿಂದ. ಅವನು ಎಣ್ಣೆ ಕಾಯಿಸಿದನೋ ಇಲ್ಲವೋ ಎಂದು ಬೀದಿಯವರು ಮೂಗಿನಲ್ಲೇ ಕಂಡುಕೊಳ್ಳುತ್ತಿದ್ದರು.

ಹತ್ಸುನೊ ನಮ್ಮಲ್ಲಿ ಬಹಳ ವರ್ಷ ದುಡಿದವಳು. ಬೆಟ್ಟದ ಮೇಲೆ ನಿಂತು ಟಿವಿಯ ಅಲೆಗಳನ್ನು ಕಣಿವೆಯ ಹಳ್ಳಿಗಳಿಗೆ ದಾಟಿಸುವ ಯಂತ್ರ ನಾವು ಮಾಡುತ್ತಿದ್ದುದು. ಒಂದು ಚಾನೆಲ್ಲು ಇನ್ನೊಂದರೊಳಗೆ ನುಗ್ಗದಂತೆ ಅದರ ತಿರುಪುಗಳನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ತಿರುಗಿಸಿ ಹದ ಮಾಡುವುದು ಅವಳ ಕೆಲಸ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಅವಳೇ ಬೆಳೆಸಿದ್ದಳು. ಅವನ ತಲೆ ನರೆತ ಮೇಲೂ ಬೆಳೆಸುತ್ತಲೇ ಇದ್ದಳು.

ದೇಶದ ಟಿವಿಯೆಲ್ಲ ಡಿಜಿಟಲ್‌ಗೆ ಹೊರಳಿದಾಗ ಪ್ರತಿ ಬೆಟ್ಟಕ್ಕೂ ಹೊಸ ಯಂತ್ರ ಬೇಕಾಯಿತು. ನಾವು ಊಟ ನಿದ್ದೆ ಬಿಟ್ಟು ಮಾಡಿದೆವು. ಆ ಮಾರ್ಚಿನಲ್ಲಿ ನಮ್ಮ ಮಾಲೀಕ ಕುರಾಶಿನಾ ಹಿಂದೆಂದೂ ಹೇಳದ ಮಾತು ಹೇಳಿದರು.

“ಹತ್ಸುನೊ ಅವ್ರೇ, ಈ ಸಲ ಎರಡೆರಡು ಸಿಗಡಿ!”

ಬಟ್ಟಲು ಹೊರಲು ನಾನೂ ಅವಳ ಜೊತೆ ಹೋಗಿದ್ದೆ. ತೊಕುಜಿ ಕುಣಿಯುವುದೊಂದು ಬಾಕಿ. ಇವಳು ಮಾತ್ರ ಅವನ ಕೈ ಹಿಡಿದು ಶುರು ಮಾಡಿದಳು.

“ನೋಡೋ, ಚಳಿಗೆ ಒಡೆದು ರಕ್ತ ಬರ್ತಿದೆ. ಇನ್ನೂ ಎಷ್ಟು ವರ್ಷ ಈ ಹಿಟ್ಟು ನಾದ್ತೀಯ? ಸಾಹೇಬ್ರು ಜನ ಬೇಕು ಅಂತಿದಾರೆ, ಬಂದು ಸೇರ್ಕೋ.”

“ನಿಮ್ಮ ಯಂತ್ರ ನಂಗೇನಕ್ಕಾ ಗೊತ್ತು?”

“ಪೆಟ್ಟಿಗೆ ಹೊರೋಕೂ ಬರಲ್ವಾ? ನಾನಿದೀನಲ್ಲೋ.”

“ನಾನು ಅಲ್ಲಿಗೆ ಬಂದ್ರೆ ನಿಮಗೆ ಸಿಗಡಿ ಕರಿಯೋರ್ಯಾರು?”

“ಊರಲ್ಲಿ ನೀನೊಬ್ನೇನಾ ಒಲೆ ಹಚ್ಚೋನು? ಬಾಯ್ಮುಚ್ಕೊಂಡು ಬಾ!”

ಅಕ್ಕನ ಮಾತು ಮೀರಿ ಅವನಿಗೆ ಅಭ್ಯಾಸವಿರಲಿಲ್ಲ. ಅಂಗಡಿ ಬಿಟ್ಟುಕೊಟ್ಟ, ಹಿಟ್ಟು ನಾದುವ ದೊಡ್ಡ ಮರದ ಬೋಗುಣಿಯನ್ನು ಅವಳ ಮನೆಯಲ್ಲಿಟ್ಟ. ಅಂಗಡಿಯ ಜಾಗದಲ್ಲಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಯಂತ್ರಗಳು ಬಂದು ಕೂತವು.

ಕೂದಲೆಳೆ ಅಳೆಯುವ ನಮಗೆ ಕಣ್ಣೆದುರಿನ ಲೆಕ್ಕ ಹೊಳೆಯಲಿಲ್ಲ. ದೇಶ ಹಾಗೆ ಟಿವಿ ಬದಲಿಸುವುದು ಒಂದೇ ಸಲ. ಬೆಟ್ಟಗಳು ಮುಗಿದವು, ಆರ್ಡರೂ ನಿಂತವು. ನಮ್ಮ ಯಂತ್ರ ಬೇಗ ಕೆಡುವಂಥದ್ದೂ ಅಲ್ಲ. ಅಷ್ಟು ಗಟ್ಟಿಯಾಗಿ ಮಾಡಿ ನಮ್ಮ ಹೊಟ್ಟೆಯ ಮೇಲೆ ನಾವೇ ಹೊಡೆದುಕೊಂಡೆವು. ಎರಡು ಸಿಗಡಿ ತಿಂದ ದಿನವೇ ಯಾರಾದರೂ ಇದನ್ನು ಹೇಳಬೇಕಿತ್ತು. ಯಾರು ಹೇಳುತ್ತಾರೆ, ಬಾಯಿ ತುಂಬಿತ್ತಲ್ಲ!

ಹೊಸದಾಗಿ ಸೇರಿದವರನ್ನೇ ಮೊದಲು ತೆಗೆದರು, ತೊಕುಜಿಯನ್ನೂ. ಹತ್ಸುನೊ ಮಾಲೀಕರ ಮುಂದೆ ಹೋಗಿ, “ಅವನ ಬದಲು ನನ್ನ ತೆಗೀರಿ” ಎಂದಳಂತೆ. “ನಿಮ್ಮ ಕೈ ಇನ್ನೊಬ್ಬರಿಗೆ ಬರಲ್ವಲ್ಲ ತಾಯಿ” ಎಂದು ಅವರು ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು. ಆಮೇಲೊಂದು ದಿನ ತೊಕುಜಿ ಏನು ಮಾಡುತ್ತಿದ್ದಾನೆಂದು ಮಾಲೀಕರು ವಿಚಾರಿಸಿದಾಗ ಅವಳು “ಶಾವಿಗೆ ಅಂಗಡೀಲಿದಾನೆ” ಎಂದಳು. “ಸದ್ಯ, ಹಳೇ ಕಸುಬಿಗೇ ಹೋದ್ನಲ್ಲ” ಎಂದು ಅವರು ನೆಮ್ಮದಿಯ ಉಸಿರುಬಿಟ್ಟರು.

ಅವನಿದ್ದದ್ದು ಹೆದ್ದಾರಿಯಲ್ಲಿ ಬಸ್ಸು ನಿಲ್ಲುವಲ್ಲಿನ ಹೋಟೆಲಿನಲ್ಲಿ. ಹೆಪ್ಪುಗಟ್ಟಿದ ಪ್ಯಾಕೆಟ್ ಶಾವಿಗೆಯನ್ನು ಕುದಿನೀರಿಗೆ ಹಾಕಿ ತೆಗೆಯುವ ಕೆಲಸ.

ಮತ್ತೆ ಮಾರ್ಚ್ ಮುಗಿಯಿತು. ಶಾವಿಗೆ ತರಲು ಹತ್ಸುನೊ, ನಾನು ಇಬ್ಬರೂ ಅಲ್ಲಿಗೇ ಹೋದೆವು.

“ಸಿಗಡಿ ಬೇಡ್ವಾ ಅಕ್ಕಾ?”

“ಬೇಡ ಕಣೋ.”

“ಓ… ನಷ್ಟ ಹಾಗಾದ್ರೆ. ಪಾಪ, ಸಾಹೇಬ್ರು ಚೆನ್ನಾಗಿದಾರಾ?”

“ನಿನ್ನ ಬೋಗುಣಿ ಒರೆಸಿ ಇಟ್ಟಿದೀನಿ ತೊಕುಜಿ. ಮತ್ತೆ ಅಂಗಡಿ ಹಾಕೋಣ. ನಾನೇ ನಿನ್ನ ಹಾಳು ಮಾಡ್ದೆ.”

“ಬಿಡಕ್ಕಾ. ಈಗ ಕೈ ಒಡೆಯಲ್ಲ ನೋಡು” ಎಂದು ಅವನು ಅಂಗೈ ತೋರಿಸಿದ. ಮುಚ್ಚಳ ಹಾಕಿ ಬಟ್ಟಲುಗಳನ್ನು ನಮ್ಮ ಮುಂದೆ ತಳ್ಳಿದ. “ಒಂದು ಉಪಕಾರ ಮಾಡು. ಇದು ನಾನು ಮಾಡಿದ್ದಲ್ಲ ಅಂತ ಅಲ್ಲಿ ಎಲ್ಲರಿಗೂ ಹೇಳ್ಬಿಡು.”

ಅವನು ಜೀವಮಾನದಲ್ಲಿ ಅಕ್ಕನಿಂದ ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕಾರ್ಖಾನೆಯಲ್ಲಿ ಕುರಾಶಿನಾ ನಷ್ಟದ ವಿಷಯ ಹೇಳಿ ಎಲ್ಲರಿಗೂ ತಲೆಬಾಗಿದರು. ಮೊದಲ ತುತ್ತು ಬಾಯಿಗಿಟ್ಟು, ಹತ್ಸುನೊಳ ಕಡೆ ತಿರುಗಿ, “ಕಂಪನಿ ಏನಾದ್ರೂ ಆಗ್ಲಿ, ತೊಕುಜಿ ಕೈರುಚಿ ಮಾತ್ರ ಹಾಗೇ ಇದೆ” ಎಂದರು.

ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳು ನಿಜ ಹೇಳಹೊರಟರೆ ಅವನು ಈಗ ಎಲ್ಲಿ ನಿಂತಿದ್ದಾನೆ, ಅಲ್ಲಿಗೆ ತಂದು ನಿಲ್ಲಿಸಿದವರು ಯಾರು ಎಂಬುದನ್ನೂ ಹೇಳಬೇಕಿತ್ತು. ಅವಳ ತುಟಿ ಅಲುಗಿತು. ಆಮೇಲೆ ಬಟ್ಟಲೆತ್ತಿ ಸಾರನ್ನೆಲ್ಲ ಕುಡಿದು, “ಹೂಂ, ಹಾಗೇ ಇದೆ” ಎಂದಳು.